ಒಂಬತ್ತನೇ ಮಹಡಿಯ ಸ್ಪೈಡರ್‌ಮ್ಯಾನ್

ಹಿಂಜವಡಿಯಲ್ಲಿ ಕೆಲಸ ಮಾಡುವವರಿಗೆ ಭೂಮ್ಕರ್ ಚೌಕದ ಬಗ್ಗೆ ಹೇಳಬೇಕಾಗಿಲ್ಲ. ಸಂಜೆ ಆರರ ನಂತರ ಅಲ್ಲಿ ಗಾಡಿ ನಿಂತರೆ ಒಂದು ಹರಿಕಥೆ ಕೇಳಿ ಮುಗಿಸಬಹುದು. ಅಂಥದೊಂದು ಸಂಜೆ, ನಾಲ್ಕೂ ಕಡೆ ಹಾರ್ನ್ ಬಡಿದುಕೊಳ್ಳುತ್ತಿದ್ದಾಗ, ಸ್ಕೂಟರಿನ ಮುಂದೆ ನಿಂತಿದ್ದ ಐದೂವರೆ ವರ್ಷದ ಮಗ ಹೆಲ್ಮೆಟ್ಟಿನೊಳಗಿಂದಲೇ ಕೂಗಿ ಕೇಳಿದ.

"ಅಪ್ಪಾ, ಸ್ಪೈಡರ್‌ಮ್ಯಾನ್‌ಗ ಉಚ್ಚಿ ಬಂದ್ರ ಏನ್ ಮಾಡತಾನ?"

ನಾನು ಎಂ.ಟೆಕ್. ಓದಿದವನು. ಎದುರಿಗಿರುವವರು ಕ್ಲೈಂಟ್ ಆಗಲಿ ಮಗನಾಗಲಿ, ಕೇಳಿದ್ದಕ್ಕೆ ಕೂಡಲೇ ಏನಾದರೊಂದು ಪರಿಹಾರ ಒದಗಿಸದಿದ್ದರೆ ಸಮಾಧಾನವಿಲ್ಲ. "ಡ್ರೆಸ್ಸಿಗೆ ಜಿಪ್ ಇರತೈತಿ" ಎಂದೆ.

"ಜಿಪ್ ಬೆನ್ನಾಗ ಐತಿ. ನಾ ನೋಡೇನಿ. ಬೆನ್ನಾಗಿನ ಜಿಪ್ ತಗದು ಹೆಂಗ ಹೊಯ್ತಾನ?"

ಪಕ್ಕದ ಬೈಕಿನವರು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಗೊಳ್ಳನೆ ನಕ್ಕರು. "ಯಾವೂರ್ರೀ ನಿಮ್ದು? ನಮ್ದು ಜಮಖಂಡಿ" ಎಂದರು. ಪುಣೆಯ ರಸ್ತೆಯಲ್ಲಿ ಕನ್ನಡ ಮಾತಾಡಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಯಾರೂ ನಂಬಬೇಡಿ. ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಉತ್ತರ ಬಾಕಿ ಉಳಿಯಿತು.

ನಮ್ಮ ಮಗ ಮನೆಯಲ್ಲಿ ಧಾರವಾಡದ ಕನ್ನಡ, ಸೊಸೈಟಿಯ ಮೈದಾನದಲ್ಲಿ ಮರಾಠಿ, ಸ್ಕೂಲ್ ಬಸ್ಸಿನಲ್ಲಿ ಹಿಂದಿ, ಟೀಚರ್ ಮುಂದೆ ಇಂಗ್ಲಿಷ್ ಮಾತಾಡುತ್ತಾನೆ. ಈ ನಾಲ್ಕೂ ಕಡೆ ಬದಲಾಗದೆ ಉಳಿದಿರುವ ಒಂದೇ ಶಬ್ದ 'ಸೂಪರ್‌ಹೀರೊ'. ಆದರೆ ಪ್ರಶ್ನೆ ಕೇಳುವುದು ಮಾತ್ರ ಕನ್ನಡದಲ್ಲಿ, ಅದೂ ನನ್ನನ್ನೇ. ಇದರಲ್ಲಿ ಹೆಮ್ಮೆಪಡಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ.

ಕೆಲವಕ್ಕೆ ಉತ್ತರ ಸಿಗುತ್ತದೆ. ಸೂಪರ್‌ಮ್ಯಾನ್ ಚಡ್ಡಿಯನ್ನು ಪ್ಯಾಂಟಿನ ಮೇಲೆ ಯಾಕೆ ಹಾಕಿಕೊಳ್ಳುತ್ತಾನೆ ಎಂಬುದಕ್ಕೆ ಇತಿಹಾಸವಿದೆ. 1938ರಲ್ಲಿ ಜೆರ್ರಿ ಸೀಗಲ್, ಜೋ ಶಸ್ಟರ್ ಎಂಬ ಇಪ್ಪತ್ತರ ಹರೆಯದ ಗೆಳೆಯರಿಬ್ಬರ ಸೂಪರ್‌ಮ್ಯಾನ್ ಅಚ್ಚಾದಾಗ, ಅಮೆರಿಕದ ಮಕ್ಕಳ ಕಣ್ಣಿಗೆ ಬಲಶಾಲಿ ಎಂದರೆ ಸರ್ಕಸ್ಸಿನಲ್ಲಿ ಕಬ್ಬಿಣ ಎತ್ತುವ ಪೈಲ್ವಾನ. ಅವನ ಉಡುಪೇ ಹಾಗಿತ್ತು: ಮೈಗಂಟಿದ ಬಟ್ಟೆ, ಅದರ ಮೇಲೊಂದು ಚಡ್ಡಿ. 2011ರಲ್ಲಿ ಕಾಮಿಕ್ಸಿನವರು ಅದನ್ನು ತೆಗೆದುಹಾಕಿದರು, 2018ರಲ್ಲಿ ಮತ್ತೆ ತೊಡಿಸಿದರು. ಇಷ್ಟನ್ನು ನಾನು ಮಗನಿಗೆ ಬಿಡಿಸಿ ಹೇಳಿದೆ. ಮರುದಿನ ಬೆಳಿಗ್ಗೆ ಅವನು ಯೂನಿಫಾರ್ಮ್ ಪ್ಯಾಂಟಿನ ಮೇಲೆ ಚಡ್ಡಿ ಏರಿಸಿಕೊಂಡು ಸ್ಕೂಲ್ ಬಸ್ಸಿಗೆ ಹೊರಟು ನಿಂತ. "ಇನ್ನಷ್ಟು ಇತಿಹಾಸ ಹೇಳ್ರಿ" ಎಂದಳು ಹೆಂಡತಿ.

ಜೇಡನ ದಾರದ್ದು ಇನ್ನೂ ಫಜೀತಿ. 1962ರ ಮೊದಲ ಕಥೆಯಲ್ಲಿ ದಾರ ಬಿಡುವ ಯಂತ್ರವನ್ನು ಪೀಟರ್ ಪಾರ್ಕರ್ ತಾನೇ ತಯಾರಿಸಿ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ. 2002ರ ಸಿನಿಮಾದಲ್ಲಿ ಅದು ಅವನ ಮೈಯಿಂದಲೇ ಬರುತ್ತದೆ. ಖರೆ ಜೇಡಕ್ಕೆ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಹೊಟ್ಟೆಯ ಹಿಂತುದಿಯಿಂದ ಎಂದು ಚಿತ್ರ ತೋರಿಸಿದೆ. ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಲಿಫ್ಟಿನಲ್ಲಿ, ಎದುರು ಮನೆಯ ಕಾಕೂ ಪೂಜೆಯ ಬುಟ್ಟಿ ಹಿಡಿದು ನಿಂತಿದ್ದಾಗ, ಅವರಿಗೂ ತಿಳಿಯಲಿ ಎಂದು ಮರಾಠಿಯಲ್ಲೇ ತನ್ನ ತೀರ್ಮಾನ ಪ್ರಕಟಿಸಿದ: ಸ್ಪೈಡರ್‌ಮ್ಯಾನ್ ಕೈ ಚಾಚುವುದು ತಪ್ಪು, ಅವನು ತಿರುಗಿ ನಿಲ್ಲಬೇಕು. ಕಾಕೂ ನಾಲ್ಕನೇ ಮಹಡಿಗೇ ಇಳಿದುಬಿಟ್ಟರು.

ಉತ್ತರ ಸಿಗದ ಪ್ರಶ್ನೆಗಳೂ ಇದ್ದವು. ಒಂದು ರಾತ್ರಿ ಊಟಕ್ಕೆ ಕೂತಾಗ ಬೆರಳು ಮಡಚಿ ಎಣಿಸಿದ. ಸೂಪರ್‌ಮ್ಯಾನ್‌ನ ಅಪ್ಪ ಅವ್ವ ಸತ್ತಿದ್ದಾರೆ. ಬ್ಯಾಟ್‌ಮ್ಯಾನ್‌ನ ಅಪ್ಪ ಅವ್ವನನ್ನು ಕಳ್ಳ ಕೊಂದಿದ್ದಾನೆ. ಸ್ಪೈಡರ್‌ಮ್ಯಾನ್‌ಗೂ ಇಲ್ಲ, ಕಾಕಾ ಕಾಕು ಸಾಕಿದವರು, ಆ ಕಾಕಾನೂ ಸತ್ತ. "ಸೂಪರ್‌ಹೀರೊ ಆಗಬೇಕಂದ್ರ ಅಪ್ಪ ಅವ್ವ ಸಾಯಬೇಕೇನು?"

"ಚಕ್ಕಲಿ ತಿನ್ನು" ಎಂದೆ.

ಚಕ್ಕಲಿ ಕೊಟ್ಟು ಪ್ರಶ್ನೆ ತಪ್ಪಿಸಿಕೊಳ್ಳುವುದು ಒಂದು ತಪ್ಪು. ಅದಕ್ಕಿಂತ ದೊಡ್ಡದನ್ನು ನಾನು ಅದಕ್ಕೂ ಮೊದಲೇ ಮಾಡಿದ್ದೆ. ಅವನ ಹುಟ್ಟುಹಬ್ಬಕ್ಕೆ ತುಳಶೀಬಾಗ್‌ನಿಂದ ಸ್ಪೈಡರ್‌ಮ್ಯಾನ್ ಡ್ರೆಸ್ ತಂದು ತೊಡಿಸಿ, ಮುಖವಾಡ ಎಳೆದು, ಭುಜದ ಮೇಲೆ ಕೈಯಿಟ್ಟು, "ಈಗ ನೀ ಖರೇನ ಸ್ಪೈಡರ್‌ಮ್ಯಾನ್ ಆದಿ ನೋಡು" ಎಂದಿದ್ದೆ. ಆ ಮಾತಿಗೆ ಅವನ ಕಣ್ಣು ಅರಳಿದ್ದು ನೋಡಿ ನನಗೂ ಖುಷಿಯಾಗಿತ್ತು. ಅವ್ವನ ಹೆಣಿಕೆಯ ಉಣ್ಣೆ ದಾರವನ್ನು ಅವನ ಮಣಿಕಟ್ಟಿಗೆ ಕಟ್ಟಿಕೊಟ್ಟವನೂ ನಾನೇ.

ಕಳೆದ ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಶನಿವಾರ ಸಂಜೆ. ನಾನು ಒಳಗಿನ ಕೋಣೆಯಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ. ಶನಿವಾರ ಯಾಕೆ ಎಂದು ಕೇಳಬೇಡಿ, ನಿಮಗೇ ಗೊತ್ತು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಮಗ ಬಾಲ್ಕನಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದೊಯ್ದು, ಡ್ರೆಸ್ ಹಾಕಿಕೊಂಡು, ಉಣ್ಣೆ ದಾರದ ಒಂದು ತುದಿ ಮಣಿಕಟ್ಟಿಗೆ, ಇನ್ನೊಂದು ತುದಿ ಕಟಾಂಜನಕ್ಕೆ ಕಟ್ಟಿ, ಒಂದು ಕಾಲನ್ನು ಆಚೆ ಹಾಕಿದ್ದ.

ನಮ್ಮದು ಒಂಬತ್ತನೇ ಮಹಡಿ.

ಹೆಂಡತಿ ಕೂಗಲಿಲ್ಲ. ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹಿಂದಿನಿಂದ ಹೋಗಿ, ಎರಡೂ ಕೈಯಿಂದ ಸೊಂಟ ಹಿಡಿದು ಒಳಗೆಳೆದುಕೊಂಡಳು. ಆಮೇಲೆ ನೆಲಕ್ಕೆ ಕುಸಿದು ಕೂತಳು. ನಾನು ಹೆಡ್‌ಫೋನ್ ಕಿತ್ತು ಓಡಿ ಬಂದಾಗ ಮಗ ಗಾಬರಿಯಾಗಿ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. "ಹಗ್ಗ ಕಟ್ಟೇನಲ್ಲಾ" ಎಂದ. "ಅಪ್ಪಾ, ನೀನ ಹೇಳಿದ್ದಿ."

ಪಾರಿವಾಳದ ಕಾಟಕ್ಕೆ ಬಾಲ್ಕನಿಗೆ ಜಾಳಿಗೆ ಹಾಕಿಸಬೇಕು ಎಂದು ಆರು ತಿಂಗಳಿಂದ ಮಾತಾಡುತ್ತಿದ್ದೆವು. ಗಾಳಿ ಬೆಳಕು ಕಡಿಮೆಯಾಗುತ್ತದೆ ಎಂದು ಮುಂದೂಡಿದವನು ನಾನು.

ಆ ರಾತ್ರಿ ನಿದ್ದೆ ಬರಲಿಲ್ಲ. ಎಡಗೈ ಮೊಣಕೈಯ ಹತ್ತಿರ ನನಗೊಂದು ಗಂಟಿದೆ. ಅದನ್ನು ಸವರುತ್ತ ಮಲಗಿದ್ದೆ.

1998. ನನಗೆ ಎಂಟು ವರ್ಷ. ಅದರ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾಗಿತ್ತು. ನನ್ನ ವಾರಿಗೆಯವರಿಗೆ ವಿವರಿಸಬೇಕಿಲ್ಲ. ಧಾರವಾಡದ ಹತ್ತಿರದ ನಮ್ಮೂರಿನಲ್ಲಿ ಬಣ್ಣದ ಟಿವಿ ಇದ್ದದ್ದು ಗೌಡರ ಮನೆಯಲ್ಲಿ. ಮೂವತ್ತು ಹುಡುಗರು ಅವರ ಪಡಸಾಲೆಯಲ್ಲಿ ಉಸಿರು ಬಿಗಿಹಿಡಿದು ಕೂಡುತ್ತಿದ್ದೆವು. ಹಿಂದಿ ಒಂದಕ್ಷರ ತಿಳಿಯುತ್ತಿರಲಿಲ್ಲ. ಮುಖೇಶ್ ಖನ್ನಾ ಕೈ ಮೇಲೆತ್ತಿ ಬುಗುರಿಯಂತೆ ಗಿರಗಿರ ತಿರುಗುವುದಕ್ಕೆ ಭಾಷೆ ಬೇಕಾಗಿರಲಿಲ್ಲ. ಆ ದಿನಗಳಲ್ಲಿ, ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಎತ್ತರದಿಂದ ಜಿಗಿದರು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವಾಯಿತು. ತನ್ನ ಧಾರಾವಾಹಿಯ ಮೇಲೆ ಹೊರಿಸಿದ ಆ ಆರೋಪವನ್ನು ಖನ್ನಾ ಒಪ್ಪಲಿಲ್ಲ.

ಬೇರೆಯವರದು ನನಗೆ ಬೇಡ, ನಮ್ಮೂರಿನದನ್ನು ಹೇಳುತ್ತೇನೆ. ಮೊದಲು ಮೇವಿನ ಬಣವಿಯ ಮೇಲಿಂದ ಹಾರಿದೆ. ಮೆತ್ತಗೆ ಇಳಿದೆ. ಹಾರಲು ಬರುತ್ತದೆ ಎಂದು ಖಾತ್ರಿಯಾಯಿತು. ಮುಂದಿನ ವಾರ ಅಪ್ಪನ ಕೆಂಪು ಟವೆಲ್ ಬೆನ್ನಿಗೆ ಕಟ್ಟಿಕೊಂಡು ಮಾಳಿಗೆ ಏರಿ, ಮೂರು ಸುತ್ತು ತಿರುಗಿ, ಹಾರಿದೆ. ಕೆಳಗೆ ಬಣವಿ ಇರಲಿಲ್ಲ, ಕಲ್ಲಿನ ಕಟ್ಟೆ ಇತ್ತು.

ಅಪ್ಪ ಬೈಯಲಿಲ್ಲ. ಬಸ್ಸಿನಲ್ಲಿ ಧಾರವಾಡದ ದವಾಖಾನೆಗೆ ಕರೆದೊಯ್ದು ಕೈ ಕಟ್ಟಿಸಿದ. ಟಿವಿ ನೋಡಬೇಡ ಎಂದೂ ಹೇಳಲಿಲ್ಲ. ಪ್ಲಾಸ್ಟರ್ ಇನ್ನೂ ಇದ್ದಾಗಲೇ ಊರ ಜಾತ್ರೆ ಬಂತು. ರಾತ್ರಿ ಬಯಲಾಟ, ನಮ್ಮ ಕಡೆಯ ದೊಡ್ಡಾಟ. ಆಟ ಶುರುವಾಗುವ ಮೊದಲು ಅಪ್ಪ ನನ್ನ ಒಳ್ಳೆಯ ಕೈ ಹಿಡಿದು ರಂಗದ ಹಿಂದೆ, ಬಣ್ಣ ಹಚ್ಚುವಲ್ಲಿಗೆ ಕರೆದುಕೊಂಡು ಹೋದ. ಅಲ್ಲಿ ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ ರಾವಣ ಕೂತಿದ್ದ. ಅರ್ಧ ಮುಖಕ್ಕೆ ಕೆಂಪು ಬಣ್ಣ, ತಲೆಗೆ ಕಿರೀಟ, ಒಂದೇ ಭುಜಕ್ಕೆ ಭುಜಕೀರ್ತಿ. ಬಸಿಯಲ್ಲಿ ಚಹಾ ಹುಯ್ದುಕೊಂಡು ಸೊರ್ ಎಂದು ಕುಡಿಯುತ್ತಿದ್ದ. ನಮ್ಮ ಓಣಿಯ ದರ್ಜಿ ಕಾಕಾ!

"ನೋಡಿದಿ? ಮುಂಜಾನೆ ಎದ್ದರ ಇಂವಾ ನಿನ್ನ ಚಡ್ಡಿ ಹೊಲಿಯಾಂವ" ಎಂದ ಅಪ್ಪ. ದರ್ಜಿ ಕಾಕಾ ಇನ್ನೊಂದು ಭುಜಕೀರ್ತಿಯನ್ನು ನನ್ನ ಕೈಗೆ ಕೊಟ್ಟರು. ಕಟ್ಟಿಗೆಯದು, ಬಂಗಾರದ ಬಣ್ಣದ ಕಾಗದ, ಚೂರು ಕನ್ನಡಿ. ಇಷ್ಟು ಹಗುರ!

ಆಮೇಲೆ ಮುಂದೆ ಬಂದು ಕೂತೆವು. ಮದ್ದಲೆ ಬಿತ್ತು, ಪರದೆ ಸರಿಯಿತು, ರಾವಣ ಹೂಂಕರಿಸಿದ. ಎಲ್ಲ ಗೊತ್ತಿದ್ದೂ ನಾನು ಅಪ್ಪನ ಕಂಬಳಿಯೊಳಗೆ ಮುಖ ಮುಚ್ಚಿಕೊಂಡೆ. ಹಿಂದೆ ಹೋಗಿ ನೋಡಿ ಬಂದದ್ದರಿಂದ ರಾವಣ ಒಂದು ಕೂದಲೆಳೆಯಷ್ಟೂ ಸಣ್ಣವನಾಗಿರಲಿಲ್ಲ. ಇದು ನನಗೆ ಆಶ್ಚರ್ಯ ಎನಿಸಿದ್ದು ಇಪ್ಪತ್ತೇಳು ವರ್ಷದ ನಂತರ, ಒಂಬತ್ತನೇ ಮಹಡಿಯ ಆ ರಾತ್ರಿ.

ಭಾನುವಾರ ಬೆಳಿಗ್ಗೆ ಮಗನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿಕೊಂಡೆ. ಸ್ಪೈಡರ್‌ಮ್ಯಾನ್ ಸಿನಿಮಾ ಹೇಗೆ ತೆಗೆದರು ಎಂಬ ವಿಡಿಯೊಗಳನ್ನು ನೋಡಿದೆವು. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ತಂತಿ, ಹಿಂದೆ ಹಸಿರು ಪರದೆ, ಕೆಳಗೆ ದಪ್ಪ ಗಾದಿ. ತಂತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ ಎಂದೆ. ಮಗನ ಮುಖ ಬಾಡುತ್ತದೆ ಎಂದುಕೊಂಡಿದ್ದೆ. ಅವನು ಪರದೆಗೆ ಮೂಗು ತಾಗಿಸಿ, "ತಂತಿ ಹಿಡಕೊಂಡಾಂವ ಯಾರು? ಅವಗ ಡ್ರೆಸ್ ಇಲ್ಲೇನು?" ಎಂದ.

ಮುಂದಿನ ಪಾಠ ನನ್ನ ಕ್ಷೇತ್ರದ್ದು. ಪುಣೆಯ ಮಕ್ಕಳು ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. 'ಕಿಲ್ಲಾ' ಅನ್ನುತ್ತಾರೆ. ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲ ಮೇಲೆಲ್ಲ ಮಣ್ಣಿನ ಪುಟ್ಟ ಸೈನಿಕರು, ಮಾವಳೆಗಳು. ನಮ್ಮ ಸೊಸೈಟಿಯ ಕೋಟೆ ಕರಗಿದರೂ ಮಾವಳೆಗಳು ಮಗನ ಡಬ್ಬಿಯಲ್ಲಿದ್ದವು. ಒಬ್ಬನ ಸೊಂಟಕ್ಕೆ ಗಟ್ಟಿ ದಾರ ಕಟ್ಟಿ ಕಪಾಟಿನ ಮೇಲಿಂದ ಬಿಟ್ಟೆವು. ನೆಲಕ್ಕೆ ಒಂದು ಗೇಣು ಇರುವಾಗ ದಾರ ಬಿಗಿಯಿತು. ಟಕ್! ಮಾವಳೆ ನೆಲ ಮುಟ್ಟಲಿಲ್ಲ, ಆದರೆ ಎರಡು ತುಂಡಾಗಿದ್ದ. ಇನ್ನೊಬ್ಬನನ್ನು ನಾಲ್ಕು ಮಡಿಕೆ ಮಾಡಿದ ಅವ್ವನ ಕೌದಿಯ ಮೇಲೆ ಬಿಟ್ಟೆವು. ಅವನಿಗೇನೂ ಆಗಲಿಲ್ಲ.

"ಬೀಳೂದರಿಂದ ಪೆಟ್ಟಾಗೂದಿಲ್ಲ, ತಮ್ಮಾ. ಒಮ್ಮಿಗಲೇ ನಿಂತರ ಪೆಟ್ಟಾಗತೈತಿ" ಎಂದೆ. ಕೌದಿ ನಿಧಾನವಾಗಿ ನಿಲ್ಲಿಸುತ್ತದೆ, ದಾರ ಒಂದೇ ಏಟಿಗೆ ನಿಲ್ಲಿಸುತ್ತದೆ. ನಮ್ಮ ಬಾಲ್ಕನಿ ನೆಲದಿಂದ ಸುಮಾರು 27 ಮೀಟರ್. ಅಲ್ಲಿಂದ ಬಿದ್ದದ್ದು ಎರಡೂವರೆ ಸೆಕೆಂಡಿನೊಳಗೆ ಕೆಳಗೆ ಮುಟ್ಟುತ್ತದೆ, ಮುಟ್ಟುವಾಗ ವೇಗ ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚು. ಈ ಲೆಕ್ಕವನ್ನು ನಾನು ಹಿಂದಿನ ರಾತ್ರಿಯೇ ಮಾಡಿದ್ದೆ, ಮಾಡಿ ಎದ್ದು ಹೋಗಿ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ ಬಂದಿದ್ದೆ. ಮಗನಿಗೆ ಹೇಳಿದ್ದು ಇಷ್ಟೇ: ನಮ್ಮ ಕಾರು ಊರಿಗೆ ಹೋಗುವಾಗ ಹೈವೇ ಮೇಲೆ ಓಡುವಷ್ಟು ಜೋರು.

ಇಷ್ಟಾದ ಮೇಲೆ ಒಂದು ಹಳೆಯ ಕಥೆಯನ್ನೂ ಹೇಳಿದೆ. 1973ರ ಕಾಮಿಕ್ಸ್‌ನಲ್ಲಿ ಖಳನಾಯಕ ಗ್ವೆನ್ ಸ್ಟೇಸಿ ಎಂಬ ಹುಡುಗಿಯನ್ನು ಸೇತುವೆಯ ಮೇಲಿಂದ ತಳ್ಳುತ್ತಾನೆ. ಸ್ಪೈಡರ್‌ಮ್ಯಾನ್ ದಾರ ಎಸೆದು ಅವಳ ಕಾಲು ಹಿಡಿಯುತ್ತಾನೆ. ಹಿಡಿದೆ ಎಂದು ಸಂತೋಷಪಡುತ್ತಾನೆ. ಮೇಲೆಳೆದಾಗ ಅವಳು ಸತ್ತಿರುತ್ತಾಳೆ. ಆ ದಾರ ತಟ್ಟನೆ ನಿಲ್ಲಿಸಿದ್ದಕ್ಕೇ ಕುತ್ತಿಗೆ ಮುರಿಯಿತು ಎಂದು ಕಾಮಿಕ್ಸಿನವರೇ ಆಮೇಲೆ ಬರೆದರು. ಮಕ್ಕಳಿಗೆ ಹೇಳುವ ಕಥೆಯೇ ಇದು ಎಂದು ನೀವು ಕೇಳಬಹುದು. ಹಿಂದಿನ ದಿನ ಆ ಕುರ್ಚಿ ನೋಡಿದ್ದರೆ ಕೇಳುತ್ತಿರಲಿಲ್ಲ.

ಮಗ ಬಹಳ ಹೊತ್ತು ತುಂಡಾದ ಮಾವಳೆಯನ್ನು ನೋಡಿದ. "ಸ್ಪೈಡರ್‌ಮ್ಯಾನ್‌ಗ ಸೈನ್ಸ್ ಗೊತ್ತಿರಲಿಲ್ಲೇನು?"

"ಗೊತ್ತಿತ್ತು. ಟೈಮ್ ಇರಲಿಲ್ಲ. ಲೇಟಾಗಿತ್ತು."

ಅಷ್ಟರಲ್ಲಿ ಊರಿನಿಂದ ಅವ್ವನ ವಿಡಿಯೊ ಕಾಲ್ ಬಂತು. ನನಗಿಂತ ಮೊದಲೇ ಮಗ ಫೋನ್ ಕಸಿದುಕೊಂಡು ಎಲ್ಲವನ್ನೂ ವರದಿ ಮಾಡಿದ. ಸ್ಪೈಡರ್‌ಮ್ಯಾನ್ ಸುಳ್ಳು, ತಂತಿ ಕಟ್ಟಿರುತ್ತಾರೆ, ಸೂಪರ್‌ಮ್ಯಾನ್‌ಗೂ ತಂತಿ. ನಾನು ತಡೆಯುವುದರೊಳಗೆ ಮುಂದಿನ ಪ್ರಶ್ನೆ ಹೊರಬಿದ್ದಿತ್ತು.

"ಅಜ್ಜೀ, ಹನುಮಪ್ಪಗೂ ತಂತಿ ಕಟ್ಟಿದ್ರೇನು?"

ನನ್ನ ಎದೆ ಧಸಕ್ಕೆಂದಿತು. ಅವ್ವ ಶನಿವಾರ ಹನುಮಪ್ಪನ ಗುಡಿಗೆ ಹೋಗದೆ ಬಾಯಿಗೆ ನೀರು ಹಾಕುವವಳಲ್ಲ. ಆನೆಗೊಂದಿಯ ಅಂಜನಾದ್ರಿಯ 575 ಮೆಟ್ಟಿಲನ್ನು ಮೊಣಕಾಲು ನೋವಿಟ್ಟುಕೊಂಡು ಹತ್ತಿ ಬಂದವಳು. ಹನುಮಂತನ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೊದಲೇ ಒಂದು ಪೇಚು ಆಗಿತ್ತು. ಅವ್ವನ ಲೆಕ್ಕದಲ್ಲಿ ಅವನು ಹುಟ್ಟಿದ್ದು ಆನೆಗೊಂದಿಯಲ್ಲಿ. ಎದುರು ಮನೆಯ ಕಾಕೂ ಪ್ರಕಾರ ನಾಸಿಕದ ಹತ್ತಿರದ ಅಂಜನೇರಿಯಲ್ಲಿ. 2021ರ ರಾಮನವಮಿಯಂದು ತಿರುಪತಿ ದೇವಸ್ಥಾನದವರು, ತಿರುಮಲೆಯ ಅಂಜನಾದ್ರಿಯೇ ಜನ್ಮಸ್ಥಳ ಎಂದು ಘೋಷಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮೂವರು ಸ್ಪೈಡರ್‌ಮ್ಯಾನ್‌ಗಳು ಒಟ್ಟಿಗೆ ಬರುವ ಸಿನಿಮಾ ಬಂತು. ಇದನ್ನೆಲ್ಲ ಮಗನ ಮುಂದೆ ಮಾತಾಡಿದ್ದೇ ತಪ್ಪಾಗಿತ್ತು. ಹನುಮಪ್ಪನಿಗೂ ಮಲ್ಟಿವರ್ಸ್ ಇದೆ ಎಂದು ಅವನು ಕಾಕೂಗೇ ಹೇಳಿಬಂದಿದ್ದ.

ಅವ್ವ ಸಿಟ್ಟಾಗಲಿಲ್ಲ. ಸೆರಗು ಸರಿಮಾಡಿಕೊಂಡು ಫೋನನ್ನು ಗೋಡೆಗಾನಿಸಿ ಕೂತಳು.

"ನಿಮ್ಮ ಸಿನಿಮಾದ್ದು ನನಗ ಗೊತ್ತಿಲ್ಲಪಾ. ಹನುಮಪ್ಪ ಹಾರಿದ ಅಂತ ನಾ ನಂಬೀನಿ. ಆದ್ರ ಅಂವಾ ಮೊದಲ ಸಲ ಹಾರಿದಾಗ ಏನಾತು, ಗೊತ್ತೈತೇನು?"

"ಏನಾತು?"

"ಸಣ್ಣಾಂವ ಇದ್ದ, ನಿನ್ನಷ್ಟ. ಸೂರ್ಯನ್ನ ನೋಡಿ ಹಣ್ಣು ಅಂತ ತಿಳಿದು ಹಾರಿದ. ಇಂದ್ರ ವಜ್ರದಲೆ ಹೊಡದ. ಧಡ್ ಅಂತ ಕೆಳಗ ಬಿದ್ದು ಗದ್ದ ಮುರಕೊಂಡ. ಹನು ಅಂದ್ರ ಗದ್ದ. ಅದಕ್ಕ ಹನುಮಂತ ಅಂತ ಹೆಸರು ಬಂತು."

ಮಗ ತನ್ನ ಗದ್ದ ಮುಟ್ಟಿಕೊಂಡ. "ಭಾಳ ನೂಸ್ತೇನು?"

"ನೂಯದ ಬಿಡತೈತೇನು? ಎಚ್ಚರ ತಪ್ಪಿ ಬಿದ್ದಿದ್ದ."

"ಅವರಪ್ಪ ಏನ್ ಮಾಡಿದ?"

"ಅವರಪ್ಪ ವಾಯುದೇವರು. ಮಗನ್ನ ಎತಗೊಂಡು ಹೋಗಿ ಗವಿಯಾಗ ಕುಂತಬಿಟ್ಟರು. ಗಾಳಿನ ನಿಂತು ಹೋತು. ಲೋಕಕ್ಕೆಲ್ಲ ಉಸರು ಕಟ್ಟಿತು. ಆವಾಗ ದೇವರೆಲ್ಲಾ ಓಡಿ ಬಂದ್ರು."

ಮಗ ನನ್ನ ಕಡೆ ತಿರುಗಿದ. "ನೀ ಏನ್ ಮಾಡಿದಿ?"

ನಾನು ಜಾಳಿಗೆಯವನಿಗೆ ಫೋನ್ ಮಾಡಿದ್ದೆ. ಅವನು ಮುಂದಿನ ಭಾನುವಾರ ಬರುತ್ತೇನೆ ಎಂದಿದ್ದ. ಹಾಗೆಯೇ ಹೇಳಿದೆ. ಫೋನಿನೊಳಗೆ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳಿಗೆ ಬಾಲ್ಕನಿಯ ವಿಷಯ ಇನ್ನೂ ಹೇಳಿರಲಿಲ್ಲ. ಆಮೇಲೆ ಬೇರೆಯಾಗಿ ಫೋನ್ ಮಾಡಿ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. "ನಿನ್ನ ಮಗ ಅಲ್ಲೇನು" ಎಂದಷ್ಟೇ ಅಂದಳು.

ವಿಡಿಯೊ, ದಾರ, ಲೆಕ್ಕ ಎಲ್ಲ ಸೇರಿ ನಾನು ಅರ್ಧ ದಿನ ಹೇಳಿದ್ದನ್ನು ಅವ್ವ ಎರಡು ನಿಮಿಷದಲ್ಲಿ ಹೇಳಿದ್ದಳು. ತನ್ನ ನಂಬಿಕೆಯನ್ನೂ ಬಿಟ್ಟುಕೊಡಲಿಲ್ಲ, ಮಗುವಿಗೆ ಸುಳ್ಳೂ ಹೇಳಲಿಲ್ಲ.

ಬೀಗ ಹಾಕಿದ ಬಾಲ್ಕನಿಯ ಮನೆಯಲ್ಲಿ ವಾರಾಂತ್ಯ ಕಳೆಯುವುದು ಕಷ್ಟವೆಂದು ಮುಂದಿನ ಶನಿವಾರ ಸಿಂಹಗಡಕ್ಕೆ ಹೋದೆವು. ಖಡಕ್‌ವಾಸ್ಲಾ ಅಣೆಕಟ್ಟು ದಾಟಿ ಮೇಲೇರಿದರೆ ಕೋಟೆ. ಪಿಠಲ, ಭಾಕರಿ, ಮಣ್ಣಿನ ಕುಡಿಕೆಯ ಮೊಸರು. ನಮ್ಮ ಝುಣಕ ಇಲ್ಲಿ ಪಿಠಲ ಎಂಬ ಹೆಸರಿನಲ್ಲಿ ತುಸು ನೀರಾಗಿ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಈ ಕೋಟೆಗೆ ಮೊದಲು ಕೊಂಢಾಣಾ ಎಂದು ಹೆಸರು. 1670ರ ಫೆಬ್ರವರಿಯ ರಾತ್ರಿ ತಾನಾಜಿ ಮಾಲುಸರೆ ತನ್ನ ಮಾವಳೆಗಳೊಂದಿಗೆ ಕಡಿದಾದ ಬಂಡೆಯ ಕಡೆಯಿಂದ ಹತ್ತಿ ಕೋಟೆ ಗೆದ್ದ, ತಾನು ಸತ್ತ. ಸೊಂಟಕ್ಕೆ ಹಗ್ಗ ಕಟ್ಟಿದ ಯಶವಂತಿ ಎಂಬ ಉಡವನ್ನು ಮೊದಲು ಮೇಲೆ ಹತ್ತಿಸಿದರು ಎಂಬ ಕಥೆ ಮಹಾರಾಷ್ಟ್ರದ ಪ್ರತಿ ಮಗುವಿಗೂ ಗೊತ್ತು. ನಮ್ಮ ಮಗನಿಗೂ ಸ್ಕೂಲಿನಲ್ಲಿ ಹೇಳಿದ್ದರು.

"ಇದು ಖರೆನೋ ಸುಳ್ಳೋ?"

ಪ್ರಶ್ನೆಯಲ್ಲಿ ಈಗ ಹೊಸ ಎಚ್ಚರವಿತ್ತು. ತಾನಾಜಿ ಖರೆ, ಬಂಡೆ ಖರೆ, ಹತ್ತಿದ್ದು ಖರೆ, ಉಡದ್ದು ಜನ ಕಟ್ಟಿದ ಕಥೆ ಎಂದೆ. ತಾನಾಜಿ ಬಿದ್ದಾಗ ಸೈನಿಕರು ಹಿಂದಿರುಗಿ ಓಡಬಾರದೆಂದು ಅವನ ತಮ್ಮ ಸೂರ್ಯಾಜಿ ಹಗ್ಗಗಳನ್ನು ಕತ್ತರಿಸಿದ ಎಂದೂ ಹೇಳುತ್ತಾರೆ. ಮಗ ಬಂಡೆಯ ಅಂಚಿನ ಕಟ್ಟೆಯಿಂದ ಮೂರು ಹೆಜ್ಜೆ ಹಿಂದೆಯೇ ನಿಂತು ಕೆಳಗೆ ಬಗ್ಗಿ ನೋಡಿದ. ಆ ಮೂರು ಹೆಜ್ಜೆ ನೋಡಿ ಹೆಂಡತಿ ನನ್ನ ಕೈ ಒತ್ತಿದಳು. "ಹಗ್ಗ ಕತ್ತರಿಸಬಾರದಿತ್ತು" ಎಂಬುದು ಅವನ ಅಭಿಪ್ರಾಯ.

ಇಳಿಯುವಾಗ ಕಾರಿನಲ್ಲಿ ಸಾವಿನ ಮಾತು ಮುಂದುವರಿಯಿತು. ಸೂಪರ್‌ಹೀರೊಗಳೂ ಸಾಯುತ್ತಾರಾ? ನನಗೆ ನಮ್ಮ ಕಾಕಾನ ಟ್ರಂಕಿನಲ್ಲಿದ್ದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ನೆನಪಾದ. ಕಾಡಿನವರೆಲ್ಲ ಅವನಿಗೆ ಸಾವೇ ಇಲ್ಲ ಎಂದು ತಿಳಿದಿರುತ್ತಾರೆ. ಓದುವವರಿಗೆ ಮಾತ್ರ ಗುಟ್ಟು ಗೊತ್ತು: ಅಪ್ಪ ಸತ್ತಾಗ ಮಗ ಅದೇ ಉಡುಪು ತೊಡುತ್ತಾನೆ, ಈಗಿರುವವನು ಇಪ್ಪತ್ತೊಂದನೆಯವನು. ಈ ಉತ್ತರ ಬಲು ಚೆನ್ನಾಗಿದೆ ಎಂದು ನನಗೆ ನಾನೇ ಮೆಚ್ಚಿಕೊಂಡು ಗೇರ್ ಬದಲಿಸುತ್ತಿದ್ದೆ.

"ಅಜ್ಜ ಸತ್ತಾಗ ನೀ ಎಲ್ಲಿದ್ದಿ?"

"ಇಲ್ಲೇ. ಪುಣೇದಾಗ."

"ಯಾಕ ಹೋಗಲಿಲ್ಲ?"

2021ರ ಮೇ ತಿಂಗಳು. ಅಪ್ಪನಿಗೆ ಉಸಿರಾಟ ಕಷ್ಟವಾಯಿತೆಂದು ಫೋನ್ ಬಂದಾಗ ಮಗನಿಗೆ ಒಂದು ವರ್ಷ. ಧಾರವಾಡ ಇಲ್ಲಿಂದ ನಾನೂರು ಚಿಲ್ಲರೆ ಕಿಲೋಮೀಟರ್. ನಿಪ್ಪಾಣಿಯ ಹತ್ತಿರ ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಲು ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ-ಪಿಸಿಆರ್ ವರದಿ ಬೇಕಿತ್ತು. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದು ವರದಿಗಾಗಿ ಕಾದೆ. ಮರುದಿನ ಬಂತು. ಹೊರಟೆ. ಕೊಲ್ಹಾಪುರ ದಾಟುವಾಗ ತಂಗಿಯ ಗಂಡನ ಫೋನ್ ಬಂತು. ಆಮೇಲಿನದನ್ನು ಬರೆಯಲಾರೆ, ಆ ವರ್ಷ ಹೊರರಾಜ್ಯಗಳಲ್ಲಿದ್ದ ಅನೇಕರಿಗೆ ಬರೆಯದೆಯೂ ಗೊತ್ತು. ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲ.

ಕಾರಿನಲ್ಲಿ ಚಕ್ಕಲಿಯ ಪೊಟ್ಟಣ ಇತ್ತು. ಹೆಂಡತಿ ಅದರ ಕಡೆ ಕೈ ಚಾಚಿ, ನನ್ನ ಮುಖ ನೋಡಿ, ಹಿಂತೆಗೆದುಕೊಂಡಳು.

"ಹೋಗಿದ್ದೆ. ಲೇಟಾತು" ಎಂದೆ.

"ಎಷ್ಟು ಲೇಟ್?"

"ಒಂದು ದಿನ."

ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಡೋಣಜೆ ಬಂದಾಗ ಮಗ ಹೇಳಿದ: "ಸ್ಪೈಡರ್‌ಮ್ಯಾನ್‌ನೂ ಲೇಟಾಗಿ ಹಿಡದಿದ್ದ." ಮತ್ತೆ ಸ್ವಲ್ಪ ಹೊತ್ತಿಗೆ ನಿದ್ದೆ ಹೋದ. ನಾನು ಅಣೆಕಟ್ಟಿನ ಹತ್ತಿರ ಗಾಡಿ ನಿಲ್ಲಿಸಿ ಕೆಳಗಿಳಿದು ನೀರು ನೋಡುತ್ತ ನಿಂತೆ. ಹೆಂಡತಿ ಕರೆಯಲಿಲ್ಲ.

ಭಾನುವಾರ ಹೇಳಿದ ಹೊತ್ತಿಗೇ ಜಾಳಿಗೆಯವನು ಬಂದ. ಇಪ್ಪತ್ತೈದರ ಹುಡುಗ, ಬಿಹಾರದವನು. ಜೊತೆಗೆ ಅವನ ತಮ್ಮ. ತಮ್ಮ ಮೇಲಿನ ತಾರಸಿಗೆ ಹೋಗಿ ಹಗ್ಗವನ್ನು ಕಂಬಕ್ಕೆ ಸುತ್ತಿ ಇಳಿಬಿಟ್ಟ. ಇವನು ಸೊಂಟಕ್ಕೆ, ತೊಡೆಗಳಿಗೆ ಪಟ್ಟಿ ಬಿಗಿದು, ಕೊಂಡಿ ಹಾಕಿ, ಎರಡು ಸಲ ಜಗ್ಗಿ ನೋಡಿ, ನಮ್ಮ ಕಟಾಂಜನ ದಾಟಿ ಹೊರಗೆ ಕಾಲಿಟ್ಟ. ಗೋಡೆಗೆ ಪಾದ ಕೊಟ್ಟು ಗಾಳಿಯಲ್ಲಿ ಒರಗಿಕೊಂಡು ಡ್ರಿಲ್ ಹಿಡಿದು ಕೊಕ್ಕೆಗಳಿಗೆ ತೂತು ಕೊರೆಯಲು ಶುರು ಮಾಡಿದ. ಹೆಂಡತಿ ನೋಡಲಾರದೆ ಒಳಗೆ ಹೋದಳು.

ಮಗ ನನ್ನ ಮಡಿಲಲ್ಲಿ ಕೂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದ. ಹಗ್ಗ ಹಿಡಿದವರು ಯಾರು ಎಂದು ಕೇಳಿ, ತಮ್ಮ ಎಂದು ತಿಳಿದಾಗ, ಮೇಲೆ ತಲೆಯೆತ್ತಿ ಅವನಿಗೂ ಕೈ ಬೀಸಿದ. ಆಮೇಲೆ ಡ್ರಿಲ್ ಸದ್ದು ನಿಂತ ಹೊತ್ತು ನೋಡಿ ಬಾಯಿ ಹಾಕಿದ. ನನಗೆ ಗೊತ್ತಾಯಿತು, ಆದರೆ ತಡೆಯುವಷ್ಟು ಸಮಯವಿರಲಿಲ್ಲ.

"ಅಂಕಲ್, ಸೂಸೂ ಆಯೇಗಾ ತೋ ಕ್ಯಾ ಕರೋಗೆ?"

ಹುಡುಗ ಒಂಬತ್ತನೇ ಮಹಡಿಯ ಗಾಳಿಯಲ್ಲಿ ತೂಗುತ್ತಲೇ ಹಲ್ಲು ಬಿಟ್ಟ. "ಪೆಹಲೇ ಕರ್‌ಕೇ ಚಢತಾ ಹೂಂ, ಛೋಟೂ."

ಮಗ ನನ್ನ ಕಡೆ ತಿರುಗಿದ. "ಜಿಪ್ ಅಲ್ಲಪಾ" ಎಂದ. "ಮೊದಲ ಹೋಗಿ ಬರತಾರ."